ಸೊಂಟಮಟ್ಟದ ನೀರು

ದಿಗ್ಗೇವಾಡಿಯ ಸೈಕಲ್ ರಿಪೇರಿ ಮಲಿಕಸಾಬ ಎಂಬತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಗಾಳಕ್ಕೆ ಬಿದ್ದ ಒಂದು ಕಟ್ಲಾ ಮೀನನ್ನು ಎಳೆದ ಎಳೆತಕ್ಕೆ ಕೃಷ್ಣಾ ಹೊಳೆಯೇ ಜಾಗ ಬಿಟ್ಟು ಎರಡು ಮಾರು ಈಚೆ ಸರಿದು ಬಂತು. ಆಚೆ ದಂಡೆಯವರಿಗೆ ಪುಕ್ಕಟೆ ಹೊಲ ಸಿಕ್ಕಿತು. ಅವರು ಅದರಲ್ಲಿ ಕಬ್ಬು ಹಚ್ಚಿ ಎರಡು ಸಲ ಕಾರ್ಖಾನೆಗೆ ಕಳಿಸಿದ್ದಾರೆ, ಮಲಿಕಸಾಬನಿಗೆ ಒಂದು ಜಲ್ಲೆಯನ್ನೂ ಕೊಟ್ಟಿಲ್ಲ. ಮೀನು ಅಷ್ಟಕ್ಕೇ ಬಿಡಲಿಲ್ಲ. ಕೆಳಗೆ ಓಡಿತು, ಕುಡಚಿಯ ರೈಲು ಸೇತುವೆಯ ಕಂಬಕ್ಕೆ ದಾರವನ್ನು ಮೂರು ಸುತ್ತು ಸುತ್ತಿತು. ಮಿರಜಿನಿಂದ ಬರುತ್ತಿದ್ದ ಗಾಡಿ ಸೇತುವೆ ನಡುಗಿದ್ದು ನೋಡಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಮಲಿಕಸಾಬರ, ಜರಾ ದಾರ ಸಡಲ ಬಿಡ್ರಿ, ಪ್ಯಾಸೆಂಜರ್ ಹೊಟ್ಟಿಗೆ ಚಹಾ ಇಲ್ದ ಕುಂತಾರ" ಎಂದು ಕೈ ಮುಗಿದ. ದಿಗ್ಗೇವಾಡಿಯಿಂದ ಕುಡಚಿ ಎಷ್ಟು ದೂರ, ದಾರ ಎಷ್ಟು ಉದ್ದ ಎಂದು ಕೇಳಿದವರಿಗೆ ಮಲಿಕಸಾಬ ಉತ್ತರ ಕೊಡುತ್ತಿರಲಿಲ್ಲ. ಅಂಥವರ ಸೈಕಲ್ಲಿನ ಗಾಳಿ ಮಾತ್ರ ಮರುದಿನ ತಾನಾಗಿ ಇಳಿದಿರುತ್ತಿತ್ತು.

ಈ ಕಥೆಯನ್ನು ಅವನು ಕಾಕಾಸಾಹೇಬನ ಹೋಟೆಲಿನ ಬೆಂಚಿನ ಮೇಲೆ ಒಂದು ವರ್ಷದಲ್ಲಿ ಸಾವಿರ ಸಲ ಹೇಳಿದ. ಹೆಚ್ಚಾಯಿತೆನ್ನುವವರು ಒಂಬೈನೂರು ಎಂದುಕೊಳ್ಳಲಿ. ಆ ಹೋಟೆಲಿನ ಚಹಾ ಎಷ್ಟು ತೆಳ್ಳಗಿರುತ್ತಿತ್ತೆಂದರೆ ಕಪ್ಪಿನ ಕೆಳಗೆ ಪೇಪರ್ ಇಟ್ಟರೆ ಸುದ್ದಿ ಓದಬಹುದಿತ್ತು. ಜನ ಕೂಡುತ್ತಿದ್ದದ್ದು ಚಹಾಕ್ಕಲ್ಲ, ಮಲಿಕಸಾಬನ ಮಾತಿಗೆ. ಅದಕ್ಕೆ ಅಲ್ಲೊಂದು ಪದ್ಧತಿಯೂ ಇತ್ತು. ಅವನು ಒಂದು ಲೆಕ್ಕ ಹೇಳಿದ ಕೂಡಲೇ ಕಾಕಾಸಾಹೇಬ ಒಲೆಯ ಮುಂದಿನಿಂದ ಕೂಗುತ್ತಿದ್ದ.

"ಅರ್ಧಾ ತಗೀರಿ!"

ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ, "ಅದರಾಗ ಮತ್ತ ಅರ್ಧಾ!" ಎನ್ನುತ್ತಿದ್ದರು.

ನಾಲ್ವತ್ತು ಕಿಲೋದ ಮೀನು ಹಾಗೆ ಹತ್ತು ಕಿಲೋಕ್ಕೆ ಬರುತ್ತಿತ್ತು. ಮೀನು ಇದ್ದದ್ದಂತೂ ನಿಜ. ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಅವನು ಊರೊಳಗೆ ಬಂದದ್ದನ್ನು ಎಲ್ಲರೂ ನೋಡಿದ್ದರು, ಹತ್ತು ಮನೆಯವರು ತಿಂದಿದ್ದರು. ರೈಲನ್ನು ತೆಗೆದರು, ಸರಿದ ಹೊಳೆಯನ್ನು ತೆಗೆದರು, ಮೂವತ್ತು ಕಿಲೋ ತೆಗೆದರು. ಇಷ್ಟೆಲ್ಲ ತೆಗೆದ ಮೇಲೆ ಉಳಿದ ಸಣ್ಣಪುಟ್ಟ ಸಂಗತಿಗಳಿಗೆ ಯಾರೂ ಕೈ ಹಚ್ಚಲಿಲ್ಲ. ಮೀನು ಸಿಕ್ಕದ್ದು ಊರ ಕೆಳಗಿನ ಕೋಣಗಲ್ಲಿನ ಹತ್ತಿರ. ಆ ಕಲ್ಲಿನ ಹೊಳೆಯ ಕಡೆ, ನೀರಿನೊಳಗೆ, ಒಂದು ಮೆಟ್ಟಿಲಿದೆ. ಅದರ ಮೇಲೆ ಇಳಿದು ನಿಂತರೆ ತುಂಬು ಹೊಳೆಯಲ್ಲೂ ನೀರು ಸೊಂಟಮಟ್ಟ. ಮಲಿಕಸಾಬ ಅಲ್ಲಿ ಮೂರು ತಾಸು ನಿಂತ, ದಾರವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನಿಂತ. ಮೀನಿಗೆ ಒಂದು ಕಣ್ಣು ಬೆಳ್ಳಗಿತ್ತು. ಇಂಥ ಸಣ್ಣ ಮಾತಿನಲ್ಲಿ ಸುಳ್ಳು ಹೇಳಿ ಯಾರಿಗೇನು ಸಿಗುತ್ತದೆ?

ಒಂದು ದಿನ ಚಂದ್ರಮತಿ ಆಯಿ ಚುರುಮುರಿ ಕೊಳ್ಳಲು ಹೋಟೆಲಿಗೆ ಬಂದವಳು ಬಾಗಿಲಲ್ಲೇ ನಿಂತು ಕಥೆ ಕೇಳಿದಳು. ಜೈನರ ಮುದುಕಿ, ಎಂಬತ್ತರ ಹತ್ತಿರ. ಹೊಳೆಗೆ ಹತ್ತಿದ ಅವಳ ಹೊಲದಲ್ಲಿ ಮೆಟ್ಟಿಲಿನ ಬಾವಿಯೊಂದಿತ್ತು. ಹಿಂದೊಮ್ಮೆ ಹೊಳೆ ಉಕ್ಕಿ ಹೊಲಕ್ಕೆ ಬಂದಾಗ ಅದರಲ್ಲೊಂದು ಮೀನು ಉಳಿದುಕೊಂಡಿತ್ತು. ಆಯಿ ದಿನಾ ಮುಂಜಾನೆ ಹಿತ್ತಾಳೆ ತಂಬಿಗೆಯಿಂದ ಮೆಟ್ಟಿಲನ್ನು ಟಣ್ ಟಣ್ ಎಂದು ಬಡಿದರೆ ಮೀನು ಮೇಲೆ ಬಂದು ಚುರುಮುರಿ ತಿನ್ನುತ್ತಿತ್ತು. ಆ ಬಾವಿಗೆ ಊರಿನಲ್ಲಿ ಯಾರೂ ಗಾಳ ಹಾಕುತ್ತಿರಲಿಲ್ಲ. ಮಾಂಸ ತಿನ್ನುವವರೂ ಅದರ ದಂಡೆ ದಾಟುವಾಗ ಗಾಳದ ಕೋಲನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಿದ್ದರು. ಎಂಬತ್ತೆಂಟರ ಮಳೆಗಾಲದಿಂದ ಮೀನು ಬಂದಿರಲಿಲ್ಲ. ಹೊಳೆ ಮತ್ತೆ ಒಳಬಂದು ಒಯ್ದಿರಬೇಕು ಎಂದು ಆಯಿ ತಿಳಿದಿದ್ದಳು. ಆದರೂ ತಂಬಿಗೆ ಬಡಿಯುವುದು ಬಿಟ್ಟಿರಲಿಲ್ಲ.

"ಮಲಿಕಾ, ಯಾವ ಕಣ್ಣೋ ಬೆಳ್ಳಗಿದ್ದದ್ದು?" ಎಂದಳು.

"ಬಲಗಣ್ಣ, ಆಯಿ."

"ಹಂಗಾರ ಬ್ಯಾರೇದು" ಎಂದು ಆಯಿ ಸೆರಗಿಗೆ ಚುರುಮುರಿ ಕಟ್ಟಿಕೊಂಡು ಹೋದಳು. ಮಲಿಕಸಾಬ ಕಪ್ಪಿನಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದು, ಮತ್ತೆ ರೈಲು ಡ್ರೈವರನ ಕಡೆಗೆ ತಿರುಗಿದ.

ಮಲಿಕಸಾಬ ಬರೀ ಬಾಯಿಬಡುಕನಲ್ಲ. ಗಾಳ ಅವನ ಕಸುಬಲ್ಲ, ಶೋಕಿ. ಆ ಶೋಕಿಯಲ್ಲಿ ಅಂಕಲಿಯಿಂದ ಕುಡಚಿವರೆಗೆ ಅವನಿಗೆ ಸಮ ಯಾರೂ ಇರಲಿಲ್ಲ. ಮಿರಗದ ಮಳೆಗೆ ಹೊಳೆ ಕೆಂಪಗಾಗಿ ಏರಿದಾಗ ನಡುನೀರಿಗೆ ಹಾಕಬಾರದು, ದಂಡೆಯ ಹುಲ್ಲಿನ ಅಂಚಿಗೆ ಎರೆಹುಳ ಹಾಕಬೇಕು. ಹೊಳೆಯ ಸೆಳೆತಕ್ಕೆ ಬೇಸತ್ತ ಬಾಳೆಮೀನು ಅಲ್ಲಿಗೆ ಬಂದು ತಂಗುತ್ತದೆ. ಮಳೆ ಹಿಂದಾಗಿ ನೀರು ತಿಳಿಯಾದ ಮೇಲೆ ಶೇಂಗಾ ಹಿಂಡಿಯನ್ನು ಬೆಲ್ಲದಲ್ಲಿ ನಾದಿ ಉಂಡೆ ಕಟ್ಟಬೇಕು. ಕಟ್ಲಾಕ್ಕೆ ಕಣ್ಣು ಬೇಕು, ಅದು ಕೆಂಪು ನೀರಲ್ಲಿ ಗಾಳಕ್ಕೆ ಬಾಯಿ ಹಾಕುವುದಿಲ್ಲ. ಚಳಿಯಲ್ಲಿ ಬಿಸಿಲೇರಿದ ಮೇಲೆ, ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ. ಗಾಳದ ದಾರ ಮುಳುಗಲು ಅವನು ಸೈಕಲ್ಲಿನ ಹಳೇ ನಟ್ಟು ಕಟ್ಟುತ್ತಿದ್ದ. ಆಳ ತಿಳಿಯಲು ದಾರಕ್ಕೆ ಮಾರಿಗೊಂದು ಗಂಟು, ಗಂಟಿಗೊಂದು ಸೈಕಲ್ಲಿನ ಕೆಂಪು ವಾಲ್‌ಟ್ಯೂಬಿನ ರಬ್ಬರು ತುಣುಕು. ದಾರ ತೋರುಬೆರಳಿನ ಮೇಲಿದ್ದರೆ ಸಾಕು, ತಳದಲ್ಲಿ ಹತ್ತಿದ್ದು ಕಲ್ಲೋ, ಬೊಡ್ಡೆಯೋ, ಮೀನೋ, ಮೀನಾದರೆ ಅದರ ಅತ್ತೆಯ ಊರು ಯಾವುದು ಎಂಬುದನ್ನೂ ಹೇಳುತ್ತೇನೆ ಎನ್ನುತ್ತಿದ್ದ. ಅತ್ತೆಯ ಊರು ಬಿಟ್ಟರೆ ಉಳಿದದ್ದು ನಿಜವೇ ಆಗಿತ್ತು.

ಇಷ್ಟೆಲ್ಲ ತಿಳಿದವನು ತನ್ನ ಜಾಗವನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಗಾಳದವರ ರೀತಿಯೇ ಅದು. ಮೀನು ತೋರಿಸುತ್ತಾರೆ, ಜಾಗ ಮುಚ್ಚುತ್ತಾರೆ. ಕೇಳಿದರೆ ಯಾರೂ ಹೋಗಿ ನೋಡಲಾರದ ಜಾಗದ ಹೆಸರು ಹೇಳುತ್ತಾರೆ. ಕೋಣಗಲ್ಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಸುಳಿ. ದೋಣಿಯವರು ದೂರದಿಂದಲೇ ತಿರುಗಿಸಿಕೊಂಡು ಹೋಗುತ್ತಿದ್ದರು. ಅದರ ತಳ ನೋಡಿದವನು ಊರಿನಲ್ಲಿ ಒಬ್ಬನೂ ಇರಲಿಲ್ಲ.

ಮಲಿಕಸಾಬನ ಮಾತಿನಲ್ಲಿ ಅರ್ಧ ತೆಗೆಯದೆ ಕೇಳುತ್ತಿದ್ದವನು ಮಾಯಪ್ಪ ಒಬ್ಬನೇ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊರುವ ಕೆಲಸ. ಮಳೆಗಾಲದಲ್ಲಿ ಕೆಲಸ ನಿಂತಾಗ ಊರಿಗೆ ಬರುತ್ತಿದ್ದ. ಗಿಡ್ಡ ಆಳು, ಮಾತು ಕಡಿಮೆ. ತಂಬಾಕಿನ ಧೂಳು ಎದೆಯೊಳಗೆ ಕೂತು ಮೂರು ಮಾತಿಗೊಮ್ಮೆ ಕೆಮ್ಮುತ್ತಿದ್ದ. ನಾಲ್ಕು ಮಳೆಗಾಲ ಅವನು ಮಲಿಕಸಾಬನ ಪಕ್ಕ ದಂಡೆಯಲ್ಲಿ ಕೂತು ಗಾಳ ಕಲಿತ. ಹಿಡಿದದ್ದೆಲ್ಲ ಬೆರಳುದ್ದದವು. ಎಂಬತ್ತೊಂಬತ್ತರ ಮಳೆಗಾಲದಲ್ಲಿ ಹಾರೂಗೇರಿಯಿಂದ ಅವನ ಹೆಂಡತಿಯ ಅಣ್ಣಂದಿರು ಬಂದು ಉಂಡು, ತಾಟಿನಲ್ಲಿದ್ದ ಬೆರಳುದ್ದದ ಮೀನು ನೋಡಿ ನಕ್ಕು ಹೋದರು. ಮರುದಿನ ಅವನು ಸೈಕಲ್ ಅಂಗಡಿಗೆ ಬಂದ. ಮಲಿಕಸಾಬ ಬುಟ್ಟಿಯ ನೀರಿನಲ್ಲಿ ಟ್ಯೂಬು ಅದ್ದಿ, ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದ. ಮೂವರು ಗಿರಾಕಿಗಳು ಕೂತಿದ್ದರು.

"ಅಣ್ಣಾ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ಕೆಂಪ ನೀರಾಗ ಕಟ್ಲಾ ಗಾಳಕ್ಕ ಹತ್ತೂದಿಲ್ಲ ಅಂತ ನೀನ ಕಲಿಸೀದಿ. ಮತ್ತ ನಿನಗ ಹೆಂಗ ಹತ್ತಿತು?"

ಮಲಿಕಸಾಬನ ಕೈ ನೀರಿನಲ್ಲೇ ನಿಂತಿತು. ಇಷ್ಟು ಜನರಲ್ಲಿ ಇದನ್ನು ಕೇಳಿದವನು ಇವನೊಬ್ಬನೇ.

"ಎಲ್ಲಾ ಕಡೆ ಹತ್ತೂದಿಲ್ಲ. ಕೋಣಗಲ್ಲಿನ ಹಿಂದ ಹತ್ತತೈತಿ. ಅಲ್ಲಿ ನೀರ ತಿಳಿ ಇರತೈತಿ."

"ಮೆಟ್ಟಲ ಖರೇನ ಐತೇನಣ್ಣಾ?"

ಗಿರಾಕಿಗಳಲ್ಲಿ ಒಬ್ಬ ನಕ್ಕ. "ಇವಗ ಈಜ ಬರಾಂಗಿಲ್ಲ, ಕೋಣಗಲ್ಲಿಗೆ ಹೊಂಟಾನ!"

"ನೀವ ಸುಮ್ನ ಕುಂಡ್ರರಿ" ಎಂದ ಮಾಯಪ್ಪ. "ಅಣ್ಣಾ, ಐತೇನ ಹೇಳು."

ಇಲ್ಲ ಎನ್ನಲು ಎರಡಕ್ಷರ ಸಾಕಿತ್ತು. ಆದರೆ ಮೂವರು ಗಿರಾಕಿಗಳ ಮುಂದೆ ಆ ಎರಡಕ್ಷರ ಹೇಳಿದರೆ ಹೊಳೆ ಹೋಗುತ್ತಿತ್ತು, ರೈಲು ಹೋಗುತ್ತಿತ್ತು, ಕಡೆಗೆ ಮೀನು ಎಲ್ಲಿಯದು ಎಂಬ ಪ್ರಶ್ನೆ ಉಳಿಯುತ್ತಿತ್ತು.

"ಇಲ್ಲದ ನಾ ಏನ ಗಾಳಿ ಮ್ಯಾಲ ನಿಂತಿದ್ನೇನಲೇ?" ಎಂದ ಮಲಿಕಸಾಬ. "ಕಲ್ಲ ಹಿಡಕೊಂಡ ಎಡಗಾಲ ಮೊದಲ ಇಳಸು. ಸೊಂಟಮಟ್ಟ ನೀರು, ಒಂದ ಬೊಟ್ಟ ಮ್ಯಾಲಿಲ್ಲ, ಒಂದ ಬೊಟ್ಟ ಕೆಳಗಿಲ್ಲ. ದಾರ ಮಣಿಕಟ್ಟಿಗೆ ಎರಡ ಸುತ್ತ ಹಾಕು. ಇಲ್ಲಾಂದ್ರ ಮೀನ ಕೋಲ ಸಹಿತ ಒಯ್ತೈತಿ."

ಅಷ್ಟೇ ಅಲ್ಲ, ಗೋಡೆಗೆ ಒರಗಿಸಿದ್ದ ತನ್ನ ಎರಡನೇ ಕೋಲನ್ನು, ಕೆಂಪು ತುಣುಕಿನ ದಾರ ಸಹಿತ ತೆಗೆದು ಅವನ ಕೈಗೆ ಕೊಟ್ಟ. ಇವನಿಗೆ ಎಲ್ಲಿಯ ಧೈರ್ಯ, ಕಲ್ಲು ನೋಡಿ ತಿರುಗಿ ಬರುತ್ತಾನೆ ಎಂದು ಅವನ ಲೆಕ್ಕ. ಮಾಯಪ್ಪ ಕೋಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಮರುದಿನ ನಸುಕಿನಲ್ಲಿ ಮನೆ ಬಿಟ್ಟ ಮಾಯಪ್ಪ ತಿರುಗಿ ಬರಲಿಲ್ಲ.

ಅವನು ಗಾಳಕ್ಕೆ ಹೋದದ್ದು ಹೆಂಡತಿ ಸೋನಾಬಾಯಿಗೆ ಗೊತ್ತಿತ್ತು. ರೊಟ್ಟಿ ಕಟ್ಟಿಕೊಟ್ಟವಳು ಅವಳೇ. ಕೋಣಗಲ್ಲಿಗೆ ಹೊರಟಿದ್ದನೆಂದು ಗಿರಾಕಿಗಳು ಹೇಳಿದರು. ಮೇಲಿನ ಊರಿನಿಂದ ಇಬ್ಬರು ಅಂಬಿಗರು ದೋಣಿ ತಂದರು. ಊರು ದಂಡೆಗೆ ಇಳಿಯಿತು. ಹಿರಿಯ ಅಂಬಿಗ ಕೋಣಗಲ್ಲಿನ ಕಡೆ ನೋಡಿ ತಲೆ ಅಲ್ಲಾಡಿಸಿದ.

"ಅಲ್ಲಿ ದೋಣಿ ಒಯ್ಯೂದಂದ್ರ ನಮ್ಮ ಜೀವಕ್ಕ ಬರತೈತಿ. ಅವ ಅಲ್ಲೇ ಬಿದ್ದಾನಂತ ಖಾತ್ರಿ ಇದ್ರ ಹಗ್ಗ ಕಟ್ಟಿಕೊಂಡ ಹೋಗೂಣು. ಅಲ್ಲಿ ಆಳ ಎಷ್ಟೈತಿ, ಯಾರಿಗರೆ ಗೊತ್ತೈತೇನ?"

ಎಲ್ಲರೂ ಮಲಿಕಸಾಬನ ಕಡೆ ತಿರುಗಿದರು. ಅವನಿಗೆ ಸಿಕ್ಕ ಎರಡನೇ ಅವಕಾಶ ಇದು. ಆದರೆ ಅವನು ಬಾಯಿ ತೆರೆಯುವ ಮುಂಚೆಯೇ ಕಾಕಾಸಾಹೇಬ ಹೇಳಿಬಿಟ್ಟ.

"ಅಲ್ಲೇನ ಮುಳುಗ್ತಾನ್ರಿ? ಸೊಂಟಮಟ್ಟ ನೀರು. ನಮ್ಮ ಮಲಿಕ ಹೋದ ವರ್ಷ ಮೂರ ತಾಸ ನಿಂತಾನ. ಹೌದಲ್ಲೋ ಮಲಿಕಾ?"

"ಹ್ಞೂಂ" ಎಂದ ಮಲಿಕಸಾಬ. ಅವನ ಜನ್ಮದಲ್ಲಿ ಅಷ್ಟು ಸಣ್ಣ ಮಾತು ಅವನು ಆಡಿರಲಿಲ್ಲ.

ಅಂಬಿಗರು ಮೇಲೆ ಹುಡುಕಿದರು, ಕೆಳಗೆ ಹುಡುಕಿದರು. ಜಾಲಿಯ ಮುಳ್ಳಿಗೆ ಸಿಕ್ಕಿದ್ದ ಒಂದು ಸತ್ತ ಎಮ್ಮೆ ಸಿಕ್ಕಿತು, ಮಾಯಪ್ಪ ಸಿಗಲಿಲ್ಲ. ಕೋಣಗಲ್ಲನ್ನು ಬಿಟ್ಟು ಎಲ್ಲಾ ಕಡೆ ನೋಡಿ, ಎರಡು ದಿನದ ಮೇಲೆ ದೋಣಿ ತಿರುಗಿಸಿಕೊಂಡು ಹೋದರು.

ಆಮೇಲೆ ಊರು ಇನ್ನೊಂದು ಲೆಕ್ಕ ಹಾಕಿತು. ಹೊಳೆಯಲ್ಲಿ ಇಲ್ಲವೆಂದರೆ ನೆಲದ ಮೇಲೆ ಎಲ್ಲೋ ಇದ್ದಾನೆ. ವರ್ಷದಲ್ಲಿ ಎಂಟು ತಿಂಗಳು ನಿಪ್ಪಾಣಿಯಲ್ಲಿರುವ ಗಂಡಸು. ವಖಾರಿಯಲ್ಲಿ ತಂಬಾಕು ಆರಿಸುವ ಹೆಂಗಸರು ಎಷ್ಟು ಜನ! ಗಾಳಕ್ಕೆ ಹೋಗುತ್ತೇನೆಂದು ಹೇಳಿ ಅಂಕಲಿ ದಾರಿ ಹಿಡಿದು ಬಸ್ ಹತ್ತಿದರೆ ಯಾರು ಕೇಳಬೇಕು? ಅವನ ತಮ್ಮ ಅಣ್ಣಾಸಾಬ ನಿಪ್ಪಾಣಿಗೆ ಹೋಗಿ ಬಂದ. ವಖಾರಿಯವರು ಬಂದಿಲ್ಲ ಎಂದರಂತೆ. "ಬಂದಿಲ್ಲ ಅನ್ನಾಕ ಹೇಳಿ ಇಟ್ಟಿರ್ತಾನ" ಎಂದರು ಹೋಟೆಲಿನವರು. ಸೋನಾಬಾಯಿ ಅತ್ತರೆ ಅತ್ತೆ ಬಾಯಿ ಮುಚ್ಚಿಸುತ್ತಿದ್ದಳು. "ಬದುಕಿದ್ದ ಗಂಡಗ ಅಳತೀಯೇನ? ನನ್ನ ಮಗನ ಆಯುಷ್ಯ ಕಡಿಮಿ ಆಗತೈತಿ. ನೀ ನೆಟ್ಟಗ ಇದ್ದಿದ್ರ ಅವ ಯಾಕ ಓಡಿ ಹೋಗ್ತಿದ್ದ?"

ಹೀಗೆ ಸೋನಾಬಾಯಿ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ ಎಂಬಂತಾದಳು. ಬೋರಿಂಗಿಗೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಹಣೆಯ ಕುಂಕುಮವನ್ನು ಇಟ್ಟರೂ ನೋಡುತ್ತಿದ್ದರು, ಮರೆತರೂ ನೋಡುತ್ತಿದ್ದರು.

ಅಂಬಿಗರು ಹೋದ ನಾಲ್ಕನೇ ದಿನ ಮಧ್ಯಾಹ್ನ ಅವಳು ಸೈಕಲ್ ಅಂಗಡಿಗೆ ಬಂದಳು. ಕೂಡ್ರು ಎಂದರೂ ಕೂಡಲಿಲ್ಲ.

"ಅಣ್ಣಾ, ಆ ಮೀನಿನ ಕಥಿ ನನಗೊಮ್ಮೆ ಹೇಳು."

"ಈಗ ಯಾಕವಾ ತಂಗಿ ಅದು..."

"ಅವರು ದಿನಾ ನನಗ ಹೇಳ್ತಿದ್ರು. ರೈಲಿಂದ ಹಿಡದ ಎಲ್ಲಾ. ನಿನ್ನ ಬಾಯಿಲೇ ಕೇಳಬೇಕಾಗೇತಿ."

ಮಲಿಕಸಾಬ ಹೇಳಿದ. ಮೊದಲ ಸಲ ಅದರಲ್ಲಿ ಹೊಳೆ ಸರಿಯಲಿಲ್ಲ, ರೈಲು ನಿಲ್ಲಲಿಲ್ಲ. ಉಳಿದದ್ದು ಕಲ್ಲು, ಮೆಟ್ಟಿಲು, ಸೊಂಟಮಟ್ಟದ ನೀರು. ಎರಡು ಮಾತಿನಲ್ಲಿ ಕಥೆ ಮುಗಿಯಿತು. ಸೋನಾಬಾಯಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ನೀ ಉದ್ದ ಮನಶ್ಯಾ. ನಿನ್ನ ಸೊಂಟ ಅವರ ಎದಿಗೆ ಬರತೈತಿ" ಎಂದಳು. "ಎದಿಮಟ್ಟ ನೀರಂತ ಇಟಗೊಂಡ್ರೂ, ಕೈಯಾಗ ಕಲ್ಲ ಐತಿ. ಹಂಗಾರ ಅವರು ಮುಳುಗಿಲ್ಲ. ಅಂದ್ರ ಜನಾ ಅನ್ನೂದ ಖರೆ. ನನ್ನ ಬಿಟ್ಟ ಹೋಗ್ಯಾರ. ಹೌದಲ್ಲ?"

ಅವನು ಒಂದು ಟ್ಯೂಬು ತೆಗೆದು ಬುಟ್ಟಿಯ ನೀರಿಗೆ ಅದ್ದಿದ. ಸೋನಾಬಾಯಿ ಸೆರಗು ತಲೆಗೆ ಎಳೆದುಕೊಂಡು ಹೋದಳು.

ಅಂದು ಸಂಜೆ ಊಟಕ್ಕೆ ಕೂತಾಗ ಅವನ ಹೆಂಡತಿ ಮದಿನಾಬಿ ತಾಟು ಮುಂದಿಟ್ಟು ತಾನು ಎದುರಿಗೆ ಕೂತಳು. ಮದಿನಾಬಿ ಅವನ ಕಥೆಗೆ ಯಾವತ್ತೂ ನಕ್ಕವಳಲ್ಲ, ಯಾವತ್ತೂ ಸುಳ್ಳೆಂದವಳೂ ಅಲ್ಲ.

"ಏನ್ರೀ, ಒಂದ ಮಾತು. ಹೋದ ವರ್ಷ ಮೀನ ತಂದ ದಿನ ನಿಮ್ಮ ಅಂಗಿ ಒಗದಾಕಿ ನಾನು."

"ಅದಕ್ಕ?"

"ಅಂಗಿ ಒಣಗಿತ್ತು. ಲುಂಗಿನೂ ಒಣಗಿತ್ತು. ಮೂರ ತಾಸ ಹೊಳ್ಯಾಗ ನಿಂತವರ ಲುಂಗಿ."

ಅವನು ಮುರಿದ ರೊಟ್ಟಿಯನ್ನು ತಿರುಗಿ ತಾಟಿಗಿಟ್ಟ.

"ಊರಿಗೆ ನೀವು ಏನ ಹೇಳಿದ್ರೂ ನನಗ ನಡೀತಿತ್ತು" ಎಂದಳು ಮದಿನಾಬಿ. "ಆ ಹುಡುಗಿ ಹಣಿ ನೋಡಾಕ ನನಗ ಆಗವಲ್ದು. ಖುದಾ ನಿಮ್ಮನ್ನ ಕೇಳ್ತಾನ. ನಾ ಕೇಳೂದಿಲ್ಲ." ಎದ್ದು ಒಳಗೆ ಹೋದಳು.

ಮಲಿಕಸಾಬ ಒಂದು ಉಪಾಯ ಹುಡುಕಿದ. ಸುಳ್ಳುಗಾರರಿಗೆ ಉಪಾಯಕ್ಕೆ ಬರವಿಲ್ಲ. ತಾನೊಬ್ಬನೇ ಹೋಗಿ ಕೋಣಗಲ್ಲಿನ ಹತ್ತಿರ ಗಾಳ ಎಳೆದು ಮಾಯಪ್ಪನನ್ನು ಪತ್ತೆ ಮಾಡುವುದು, ಆಮೇಲೆ ಊರಿಗೆ ಬಂದು, 'ಮೆಟ್ಟಲ ಈ ವರ್ಷದ ಹೊಳಿಗೆ ಕಿತ್ತಕೊಂಡ ಹೋಗೇತಿ' ಎಂದು ಹೇಳುವುದು. ಸೋನಾಬಾಯಿಗೆ ಗಂಡನ ಹೆಣ ಸಿಗುತ್ತದೆ, ತನಗೆ ತನ್ನ ಬೆಂಚು ಉಳಿಯುತ್ತದೆ.

ಮರುದಿನ ಬೆಳಕು ಹರಿಯುವಾಗ ಅವನು ಕಲ್ಲಿನ ಮೇಲಿದ್ದ. ದಂಡೆಯಿಂದ ಸಾಲಾಗಿ ಬಿದ್ದ ಗುಂಡುಕಲ್ಲುಗಳ ಮೇಲೆ ಕಾಲಿಡುತ್ತ, ಅಂಗೈ ಮೊಣಕಾಲು ಊರುತ್ತ ಬಂದಿದ್ದ. ಈ ಕಲ್ಲಿನ ಮೇಲೆ ಅವನ ಕಾಲು ಬಿದ್ದದ್ದು ಇದೇ ಮೊದಲು. ಹತ್ತಿರದಿಂದ ನೋಡಿದರೆ ಅದು ಕೋಣದ ಬೆನ್ನಿನ ಹಾಗೆ ನುಣ್ಣಗಿತ್ತು, ಪಾಚಿ ಹಿಡಿದಿತ್ತು. ಹೊಳೆಯ ಕಡೆ ಹಿಡಿಯಲು ಒಂದು ಬಿರುಕೂ ಇರಲಿಲ್ಲ. ಕೆಂಪು ನೀರು ಅದರ ಮಗ್ಗುಲಿಗೆ ಬಂದು, ಸುತ್ತಿ, ಒಳಗೆ ಇಳಿದು ಹೋಗುತ್ತಿತ್ತು. ಮಾಯಪ್ಪ ಎಲ್ಲಿ ಎಡಗಾಲು ಇಳಿಸಿದ್ದನೋ ಅಲ್ಲಿ ಪಾಚಿ ಒಂದು ಗೇಣು ಕೆರೆದುಹೋಗಿತ್ತು.

ಮೂರು ದೊಡ್ಡ ಗಾಳ ಕಟ್ಟಿದ ದಾರಕ್ಕೆ ನಟ್ಟು ಹಾಕಿ ಕೆಳಗೆ ಬಿಟ್ಟ. ಕೆಂಪು ತುಣುಕುಗಳು ಬೆರಳ ಮೇಲಿಂದ ಒಂದೊಂದಾಗಿ ಜಾರಿದವು.

"ಒಂದು" ಎಂದಿತು ಹಿಂದಿನಿಂದ ಒಂದು ದನಿ.

ಅವನು ತಿರುಗಿದ. ದಂಡೆಯ ಕಡೆಯ ಕೊನೆಯ ಗುಂಡಿನ ಮೇಲೆ ಸೋನಾಬಾಯಿ ಕೂತಿದ್ದಳು. ಸೆರಗು ನೆನೆದು ಮೈಗೆ ಅಂಟಿತ್ತು. ಎಷ್ಟು ಹೊತ್ತಿನಿಂದ ಬಂದು ಕೂತಿದ್ದಳೋ.

"ದಾರ ನಿಂದರಸಬ್ಯಾಡ ಅಣ್ಣಾ. ಬಿಡು. ಎರಡು... ಮೂರು."

ದಾರ ಇಳಿಯಿತು. ನಾಲ್ಕು ಎಂದಳು. ಐದು ಎಂದಳು. ಆರನೇ ತುಣುಕು ನೀರಿಗೆ ಮುಟ್ಟಿದಾಗ ನಟ್ಟು ತಳ ಸೇರಿ ದಾರ ಸಡಿಲಾಯಿತು.

"ಆರು ಮಾರು" ಎಂದಳು ಸೋನಾಬಾಯಿ. "ನಿನ್ನ ಸೊಂಟ ಆರ ಮಾರ ಎತ್ತರ ಐತೇನಣ್ಣಾ?"

ಕಿತ್ತುಹೋದ ಮೆಟ್ಟಿಲಿನ ಮಾತು ಮಲಿಕಸಾಬನ ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಕಲ್ಲು ಅವಳ ಕಣ್ಣ ಮುಂದೆಯೇ ನುಣ್ಣಗೆ ನಿಂತಿತ್ತು. ಅವನು ಮುಖ ತಿರುಗಿಸಿ ದಾರ ಎಳೆಯತೊಡಗಿದ. ಕಲ್ಲಿನ ಬುಡದಲ್ಲಿ ಗಾಳಕ್ಕೆ ಏನೋ ಹತ್ತಿತು. ಮೆಲ್ಲಗೆ ಎಳೆದ. ಬಂದದ್ದು ಇನ್ನೊಂದು ದಾರ. ಅದರ ಮೇಲೂ ಗಂಟು, ಗಂಟಿಗೊಂದು ಕೆಂಪು ವಾಲ್‌ಟ್ಯೂಬಿನ ತುಣುಕು. ತನ್ನ ಕೈಯಾರೆ ಕಟ್ಟಿದ ಗಂಟುಗಳು.

ಅದನ್ನು ಹಿಡಿದು ಎಳೆದ. ಕೆಳಗಿನಿಂದ ಭಾರ ಸ್ವಲ್ಪ ಎದ್ದಿತು, ಮತ್ತೆ ಕೂತಿತು. ಮತ್ತೊಮ್ಮೆ ಎಳೆದ. ಮತ್ತೆ ಎದ್ದು ಕೂತಿತು.

"ಗಾಳಕ್ಕ ಏನ ಹತ್ತಿದ್ರೂ ನಿನ್ನ ಬೆರಳಿಗೆ ಗೊತ್ತಾಗತೈತಂತ. ಅವರು ಹೇಳ್ತಿದ್ರು" ಎಂದಳು. "ಕಲ್ಲೇನ?"

"ಅಲ್ಲ."

"ಬೊಡ್ಡಿ?"

"ಅಲ್ಲ."

"ಮೀನ?"

"ಅಲ್ಲ ತಂಗಿ." ಅವನು ಎಳೆಯುವುದನ್ನು ನಿಲ್ಲಿಸಿದ. "ಮಣಿಕಟ್ಟಿಗೆ ಎರಡ ಸುತ್ತ ಹಾಕೊ ಅಂತ ನಾನ ಹೇಳಿದ್ದೆ."

ಸೋನಾಬಾಯಿ ಗುಂಡಿನಿಂದ ಗುಂಡಿಗೆ ಕಾಲಿಡುತ್ತ ಬಂದು ಅವನ ಪಕ್ಕ ಕಲ್ಲಿನ ಮೇಲೆ ಕೂತಳು. ಅವನ ಕೈಯಿಂದ ದಾರ ತೆಗೆದುಕೊಂಡು ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದಳು.

"ನೀ ಹೋಗು. ಹಗ್ಗ ತರಸು, ಆಳ ತರಸು. ಇವರನ್ನ ನಾ ಹಿಡಕೊಂಡಿರ್ತೀನಿ. ಇಲ್ಲಿ ನನಗೇನೂ ಹೇಳಬ್ಯಾಡ. ಹೇಳೂದೆಲ್ಲಾ ಹೋಟೆಲದಾಗ ಹೇಳು. ನನ್ನ ಬಿಟ್ಟ ಓಡಿ ಹೋದ್ರಂತ ಅಲ್ಲೇ ಅಂದಾರ."

ಕಾಕಾಸಾಹೇಬ ಮೊದಲ ಚಹಾ ಇಳಿಸುತ್ತಿದ್ದ. ಬೆಂಚಿನ ಮೇಲೆ ಐದಾರು ಜನ. ಚಂದ್ರಮತಿ ಆಯಿ ಚುರುಮುರಿಗೆ ಸೆರಗು ಒಡ್ಡಿ ನಿಂತಿದ್ದಳು. ಮಲಿಕಸಾಬ ಬಾಗಿಲಿಗೆ ಬಂದ. ಮೊಣಕಾಲು ತರಚಿ ರಕ್ತ ಸೋರುತ್ತಿತ್ತು, ಮೈಯೆಲ್ಲ ಪಾಚಿ.

"ಮಾಯಪ್ಪ ಕೋಣಗಲ್ಲಿನ ಬುಡದಾಗ ಅದಾನ" ಎಂದ. "ಆರ ಮಾರ ನೀರಾಗ. ಹಗ್ಗ ತೊಗೊಂಡ ಬರ್ರಿ."

ಕಾಕಾಸಾಹೇಬ, ಒಲೆಯ ಕಡೆಯಿಂದ ಕಣ್ಣೆತ್ತದೆ, ರೂಢಿಯ ಮೇಲೆ ಅಂದುಬಿಟ್ಟ.

"ಆರ ಮಾರಂತ! ಅರ್ಧಾ ತಗೀರಿ!"

"ಅದರಾಗ ಮತ್ತ ಅರ್ಧಾ..." ಎಂದು ಶುರು ಮಾಡಿದವರು ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಇವತ್ತ ಏನೂ ತಗೀಬ್ಯಾಡ್ರಿ" ಎಂದ ಮಲಿಕಸಾಬ. ಬಾಗಿಲ ಕಂಬ ಹಿಡಿದುಕೊಂಡ. "ಅಲ್ಲಿ ಮೆಟ್ಟಲ ಇಲ್ಲ. ಯಾವತ್ತೂ ಇರಲಿಲ್ಲ. ಆ ಕಲ್ಲಿನ ಮ್ಯಾಲ ನಾ ಕಾಲಿಟ್ಟದ್ದ ಇವತ್ತ. ಮಾಯಪ್ಪ ನನ್ನ ಕೇಳಿದ, ಮೆಟ್ಟಲ ಖರೇನ ಐತೇನಣ್ಣಾ ಅಂತ. ಐತಿ ಅಂದೆ. ಎಡಗಾಲ ಮೊದಲ ಇಳಸು ಅಂದೆ. ಅವ ಇಳಿಸ್ಯಾನ. ಅಂಬಿಗರು ಕೇಳಿದಾಗೂ ಹ್ಞೂಂ ಅಂದೆ. ಅವ ನಿಪ್ಪಾಣಿಗೆ ಓಡಿ ಹೋಗಿಲ್ಲ. ಸೋನವ್ವಗ ಯಾರೂ ಏನೂ ಅನಬ್ಯಾಡ್ರಿ. ಅನ್ನೂದಿದ್ರ ನನಗ ಅನ್ರಿ."

"ಮತ್ತ ಆ ಮೀನ ಎಲ್ಲೀದಲೇ?" ಎಂದ ಕಾಕಾಸಾಹೇಬ. ಪಾತ್ರೆ ಅವನ ಕೈಯಲ್ಲೇ ಇತ್ತು.

ಮಲಿಕಸಾಬ ಚಂದ್ರಮತಿ ಆಯಿಯ ಕಡೆ ತಿರುಗಿದ. ಆಯಿಯ ಸೆರಗಿನಲ್ಲಿ ಅರ್ಧ ಸೇರು ಚುರುಮುರಿ ಬಿದ್ದಿತ್ತು.

"ಮೂರ ತಾಸ ಅಲ್ಲ, ಆಯಿ. ಒಂದ ಬೀಡಿ ಸೇದೂದ್ರಾಗ ಮುಗೀತು. ದಾರ ಒಂದ ಮಾರೂ ಬಿಡಲಿಲ್ಲ. ಸ್ಪ್ಯಾನರ್ ತೊಗೊಂಡ ನಿನ್ನ ಬಾವಿ ಮೆಟ್ಟಲ ಬಡದೆ, ನೀ ತಂಬಗಿ ಬಡದಂಗ. ಬಂತು. ಕೈಯಾಗಿನ ಚುರುಮುರಿ ಅಂತ ತಿಳದ ಬಾಯಿ ತೆರಕೊಂಡ ಬಂತು. ಎಂಟ ಕಿಲೋ ಇತ್ತು, ಹತ್ತೂ ಅಲ್ಲ."

ಅವನು ಉಸಿರು ತೆಗೆದುಕೊಂಡ.

"ಬೆಳ್ಳಗ ಇದ್ದದ್ದ ಎಡಗಣ್ಣ."